ಪದಚರ್ಚೆ: ‘ಕ್ರಿಟಿಕಲ್ ರಿಸೆಪ್ಷನ್’ಗೆ ‘ಟೀಕಾತ್ಮಕ ಸ್ವಾಗತ’ ಆಗುತ್ತದೆಯೇ?

ಪ್ರಶ್ನೆ (ಉಡುಪಿ)

ನಮಸ್ಕಾರ. ಕಾಲೇಜು ವಾರ್ಷಿಕ ಸಂಚಿಕೆಗೆ ಬಂದ ಲೇಖನವೊಂದನ್ನು ತಿದ್ದಬೇಕಿದೆ. ಪಬ್ಲಿಕ್ ಎನಿಮಿ ತಂಡದ 1988ರ ಹಿಪ್‌ಹಾಪ್ ಆಲ್ಬಮ್ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’ ಕುರಿತದ್ದು. ಅದರಲ್ಲಿ ಹೀಗಿದೆ: ‘ಈ ರಾಜಕೀಯ ಪ್ರೇರಿತ ಆಲ್ಬಮ್‌ಗೆ ಉತ್ತಮ ಟೀಕಾತ್ಮಕ ಸ್ವಾಗತ ದೊರೆಯಿತು.’ ಬದಲಿಗೆ ಏನು ಬರೆಯಬಹುದು? ‘16 ಬಾರ್’ ಎಂಬುದಕ್ಕೆ ‘16 ಸಾಲು’ ಸಾಕೇ?

ಉತ್ತರ (ಮಂಗಳೂರು)

ಆ ವಾಕ್ಯದ ಮೂರು ಪದವೂ ದಾರಿ ತಪ್ಪಿಸುತ್ತವೆ ಮಾರಾಯ್ರೆ.

‘ಟೀಕೆ’ಗೆ ನಿಮ್ಮ ಉಡುಪಿಯಲ್ಲಿ ದೊಡ್ಡ ಗೌರವವಿದೆ. ಮಧ್ವರ ಅನುವ್ಯಾಖ್ಯಾನಕ್ಕೆ ನ್ಯಾಯಸುಧಾ ಬರೆದ ಜಯತೀರ್ಥರು ಇವತ್ತಿಗೂ ಟೀಕಾಚಾರ್ಯರು. ಅಲ್ಲಿ ಟೀಕೆ ಅಂದರೆ ಮೂಲದ ಅರ್ಥ ಬಿಡಿಸುವುದು. ಪತ್ರಿಕೆಗಳ ಕನ್ನಡದಲ್ಲಿ ಉಳಿದಿರುವುದು ತಪ್ಪು ಎತ್ತಿ ಆಡುವ ಅರ್ಥ ಮಾತ್ರ. ಹಾಗಾಗಿ ‘ಉತ್ತಮ ಟೀಕಾತ್ಮಕ’ ಎಂದರೆ ಹೊಗಳಿದರೋ ಬೈದರೋ ತಿಳಿಯುವುದಿಲ್ಲ. ‘ವಿಮರ್ಶಕರು ಮೆಚ್ಚಿದರು’ ಎನ್ನಿ, ಮುಗಿಯಿತು.

ಈ ಆಲ್ಬಮ್‌ ಬಗ್ಗೆ ಬರೆಯುವಾಗ ಎರಡು ಪದವೂ ಬೇಕು. ವಿಲೇಜ್ ವಾಯ್ಸ್ ಪತ್ರಿಕೆ ವಿಮರ್ಶಕರಿಂದ ಮತ ಪಡೆದು ಮಾಡುತ್ತಿದ್ದ ವರ್ಷದ ಪಟ್ಟಿಯಲ್ಲಿ 1988ರ ಮೊದಲ ಸ್ಥಾನ ಇದಕ್ಕೆ ಸಿಕ್ಕಿತು. ಅದು ವಿಮರ್ಶಕರ ಮೆಚ್ಚುಗೆ. 1989ರಲ್ಲಿ ತಂಡದ ಪ್ರೊಫೆಸರ್ ಗ್ರಿಫ್ ಸಂದರ್ಶನವೊಂದರಲ್ಲಿ ಯಹೂದಿಗಳ ವಿರುದ್ಧ ಆಡಿದ ಮಾತಿಗೆ ಬಂದದ್ದು ಟೀಕೆ. ಎರಡಕ್ಕೂ ಒಂದೇ ಪದ ಹಾಕಿದರೆ ಹಾಡಿನ ಬೆಲೆ, ವ್ಯಕ್ತಿಯ ಮಾತು ಎರಡೂ ಕಲಸಿಹೋಗುತ್ತವೆ.

‘ಸ್ವಾಗತ’ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು. ‘ಸ್ವೀಕೃತಿ’ ಕಚೇರಿಯ ಚೀಟಿ. ಉಪಶೀರ್ಷಿಕೆಗೆ ‘ವಿಮರ್ಶಕರ ಪ್ರತಿಕ್ರಿಯೆ’ ಸಾಕು, ಮೆಚ್ಚುಗೆ ಇರಲಿ, ಬೈಗುಳ ಇರಲಿ, ಮಿಶ್ರ ಇರಲಿ, ಒದಗುತ್ತದೆ.

ಎಲ್ಲಕ್ಕಿಂತ ಅಪಾಯದ್ದು ‘ರಾಜಕೀಯ ಪ್ರೇರಿತ’. ‘ಈ ಆರೋಪ ರಾಜಕೀಯ ಪ್ರೇರಿತ’ ಎಂದು ದಿನಾ ಓದುವವರಿಗೆ ಅದು ಯಾರದೋ ಲಾಭಕ್ಕೆ ಹೂಡಿದ ಆಟವೆಂದೇ ಕೇಳಿಸುತ್ತದೆ. ಆಲ್ಬಮ್‌ಗೆ ಆ ಹಣೆಪಟ್ಟಿ ಅನ್ಯಾಯ. ‘ರಾಜಕೀಯ ಪ್ರಜ್ಞೆಯ’ ಎಂದರೆ ತಪ್ಪಲ್ಲ, ಆದರೆ ಸಪ್ಪೆ. ಅಲ್ಲಿರುವ ಸಿಟ್ಟು ಅದರಲ್ಲಿ ಬರುವುದಿಲ್ಲ. ವಿಷಯವನ್ನೇ ಹೇಳಿಬಿಡಿ: ‘ಕಪ್ಪು ಅಮೆರಿಕನ್ನರ ಬದುಕನ್ನು ಕಾಡುವ ಜೈಲು, ಕ್ರ್ಯಾಕ್ ಕೊಕೇನ್, ಮಾಧ್ಯಮಗಳ ವಿರುದ್ಧ ನೇರವಾಗಿ ಹಾಡಿದ ಈ ಆಲ್ಬಮನ್ನು ವಿಮರ್ಶಕರು ಬಹಳ ಮೆಚ್ಚಿದರು.’

ಇನ್ನೊಂದು. ‘ಡೋಂಟ್ ಬಿಲೀವ್ ದ ಹೈಪ್’ ಹಾಡು ಮಾಧ್ಯಮದವರಿಗೇ ಕೊಟ್ಟ ಉತ್ತರ. ಲೇಖನದಲ್ಲಿ ಅದು ಬರಲೇಬೇಕು. ‘ಹೈಪ್’ಗೆ ‘ಪ್ರಚಾರ’ ಸಾಲದು, ‘ಹವಾ’ ಹತ್ತಿರ.

ಮತ್ತೊಂದು ಉತ್ತರ (ಮಂಗಳೂರು)

‘ಬಾರ್’ ಸಾಲಲ್ಲ, ನಾಲ್ಕು ಬೀಟ್‌ನ ಒಂದು ಸುತ್ತು. ‘ಆವರ್ತ’ ಎನ್ನಿ, ಯಕ್ಷಗಾನದ ತಾಳ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ನಿಮಿಷಕ್ಕೆ 96 ಬೀಟ್ ಇದ್ದರೆ ಒಂದು ಆವರ್ತಕ್ಕೆ 2.5 ಸೆಕೆಂಡ್, 16ಕ್ಕೆ 40 ಸೆಕೆಂಡ್. ರ‍್ಯಾಪರ್ ಒಂದು ವಾಕ್ಯವನ್ನು ಮುಂದಿನ ಆವರ್ತದ ನಡುವಿನವರೆಗೆ ಎಳೆಯುವುದುಂಟು. ಆಗ ಕಾಗದದ ಸಾಲು ಎಣಿಸಿದರೆ 16 ಸಿಗುವುದಿಲ್ಲ.

‘ಪ್ರಾಸ ಬಿಗಿಯಾಗಿದೆ’ ಎಂದು ಬರೆದಿದ್ದರೆ ಅದನ್ನೂ ತಿದ್ದಿ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಬಿಟ್ಟ ಪ್ರಾಸ ಪಾದದ ಎರಡನೇ ಅಕ್ಷರದ್ದು. ರ‍್ಯಾಪ್‌ನಲ್ಲಿ ಕೇಳುವುದು ಒಳಪ್ರಾಸ ಮತ್ತು ಅಂತ್ಯಪ್ರಾಸ. ಯಾವುದೆಂದು ಬಿಡಿಸಿ ಬರೆಯಬೇಕು.