30x40 ಸೈಟಿನಲ್ಲಿ ಮೂರು ಸಣ್ಣ ಮನೆ ಕಟ್ಟಲು ಯಾಕಿಷ್ಟು ಕಷ್ಟ? ನಿಯಮ ಬದಲಿಸಿ ಅಂತ ಯಾರನ್ನು ಕೇಳಬೇಕು?

ತುಂಗಾದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಶಿವಮೊಗ್ಗದ ವಿನೋಬನಗರದಲ್ಲಿ ಅಪ್ಪ ಕಟ್ಟಿಸಿದ ಹೆಂಚಿನ ಮನೆ ನಮ್ಮದು. ಪಕಾಸಿ, ರೀಪು ಎಲ್ಲಕ್ಕೂ ಗೆದ್ದಲು ಹಿಡಿದಿದೆ. ಹೋದ ಮಳೆಗಾಲ ಪೂರ್ತಿ ನಡುಮನೆಯಲ್ಲಿ ಎರಡು ಬಕೆಟ್ ಇಟ್ಟುಕೊಂಡೇ ಕಳೆದೆವು. ಕೆಡವಿ ಕಟ್ಟೋಣ ಅಂತ ಹೊರಟಿದ್ದೇನೆ. ಕೆಳಗೆ ನಾನು, ಅಮ್ಮ. ಮೇಲೆ ಎರಡು ಸಣ್ಣ ಮನೆ, ಕಡಿಮೆ ಬಾಡಿಗೆಗೆ.

ಯಾರಿಗೆ ಅಂತ ಕೇಳಿದರೆ, ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನಂಥವರಿಗೆ. ಅವರು ಮೊದಲು ದುರ್ಗಿಗುಡಿ ಹತ್ತಿರ ಇದ್ದರು, ನಡೆದುಕೊಂಡೇ ಬರುತ್ತಿದ್ದರು. ಬಾಡಿಗೆ ಏರಿತು, ಊರ ಹೊರಗಿನ ಲೇಔಟಿಗೆ ಹೋದರು. ಈಗ ಬೆಳಿಗ್ಗೆ ಒಂದು ಬಸ್ಸು, ಆಮೇಲೆ ಒಂದು ಆಟೋ. ರಾತ್ರಿ ಕೊನೆ ಬಸ್ಸು ತಪ್ಪೀತು ಅಂತ ವ್ಯಾಪಾರದ ಹೊತ್ತಲ್ಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿರುತ್ತಾರೆ.

ಇಂಜಿನಿಯರ್ ಹೇಳುವುದು ಹೀಗೆ. ಮೂರು ಮನೆ ಅಂತ ಪ್ಲ್ಯಾನ್ ಕೊಟ್ಟರೆ ಅದಕ್ಕೆ ತಕ್ಕ ಪಾರ್ಕಿಂಗ್ ತೋರಿಸಬೇಕು, ಸೆಟ್‌ಬ್ಯಾಕೂ (ಸೈಟಿನ ಅಂಚಿಗೂ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ) ಬಿಟ್ಟರೆ ಕೆಳಗೆ ಅಮ್ಮನಿಗೆ ರೂಮೇ ಉಳಿಯುವುದಿಲ್ಲ. "ಒಂದೇ ಮನೆ ಅಂತ ತೋರಿಸಿ, ಆಮೇಲೆ ಒಳಗೆ ಗೋಡೆ ಎಬ್ಬಿಸಿಕೊಳ್ಳಿ" ಅಂದರು. ನನಗೆ ಸುಳ್ಳು ಪ್ಲ್ಯಾನ್ ಬೇಡ. ಆದರೆ ನಮ್ಮಲ್ಲಿ ಕಾರೇ ಇಲ್ಲ, ಬಾಡಿಗೆಗೆ ಬರುವವರ ಹತ್ತಿರವೂ ಇರುವುದಿಲ್ಲ. ಇಲ್ಲದ ಕಾರಿಗೆ ಜಾಗ ಬಿಟ್ಟು ಇರುವ ಮನುಷ್ಯರನ್ನು ಊರಾಚೆ ಕಳಿಸುವ ಈ ನಿಯಮ ಯಾರು ಮಾಡುತ್ತಾರೆ? ಬದಲಾಯಿಸಲು ಆಗುತ್ತಾ?

ನಕ್ಷೆಯವನು:

ಮೇಡಂ, ಹದಿನೈದು ವರ್ಷದಿಂದ ಪ್ಲ್ಯಾನ್ ಬರೆಯುವುದೇ ನನ್ನ ಕೆಲಸ, ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಲೈಸೆನ್ಸ್ ಕೊಡುವುದು ಪಾಲಿಕೆ. ಆದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಕಟ್ಟಬಹುದು ಅನ್ನುವುದೆಲ್ಲ ಮಾಸ್ಟರ್ ಪ್ಲ್ಯಾನ್ ಮತ್ತು ಅದರ ಜೊತೆಗಿರುವ ವಲಯ ನಿಯಮಗಳಲ್ಲಿ ಇರುತ್ತದೆ. ಅದನ್ನು ತಯಾರಿಸುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವೆಲ್ಲ ಸೂಡಾ ಅನ್ನುವುದು. ಮಂಜೂರಾತಿ ಸರ್ಕಾರದ್ದು. ಇದೆಲ್ಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಬರುತ್ತದೆ. ಹತ್ತು ವರ್ಷಕ್ಕೆ ಒಮ್ಮೆಯಾದರೂ ಮಾಸ್ಟರ್ ಪ್ಲ್ಯಾನ್ ಪರಿಷ್ಕರಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಜನ ಆಕ್ಷೇಪಣೆ, ಸಲಹೆ ಕೊಡಲು 60 ದಿನ ಇರುತ್ತದೆ. ಆ 60 ದಿನದಲ್ಲಿ ಬರುವುದು ಯಾರು ಗೊತ್ತಾ? ನನ್ನ ಜಮೀನು ಹಸಿರು ವಲಯಕ್ಕೆ (ನಕ್ಷೆಯಲ್ಲಿ ಕೃಷಿಯ ಬಣ್ಣ) ಹೋಗಿದೆ, ಹಳದಿ (ವಾಸದ ಬಣ್ಣ) ಮಾಡಿ ಅನ್ನುವವರು. ಬಾಡಿಗೆ ಮನೆಯವರು ಒಬ್ಬರೂ ಬಂದದ್ದು ನಾನು ನೋಡಿಲ್ಲ.

ಪಾರ್ಕಿಂಗ್ ಲೆಕ್ಕ ನೀವೇ ಹಾಕಿ ನೋಡಿ. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಸುಮಾರು 135 ಚದರಡಿ ಆಯಿತು. ಎರಡು ಕಾರಿಗೆ 270. ಪಿಎಂ ಆವಾಸ್ ಯೋಜನೆ ಶುರುವಾದಾಗ ಬಡವರ ಮನೆಗೆ ಇಟ್ಟ ಅಳತೆ 30 ಚದರ ಮೀಟರ್, ಅಂದರೆ 323 ಚದರಡಿ. ಎರಡು ಕಾರಿನ ಜಾಗಕ್ಕೆ ಇನ್ನೊಂದು ಬಚ್ಚಲು ಸೇರಿಸಿದರೆ ಒಂದು ಸಂಸಾರದ ಮನೆ!

ಹಳೇ ಶಿವಮೊಗ್ಗ:

ನಾನು ಒಪ್ಪುವುದಿಲ್ಲ. ಒಂದು ಸೈಟಿಗೆ ಮೂರು ಮನೆ ಅಂದರೆ ನೀರು ಎಲ್ಲಿಂದ? ನಮ್ಮ ಕ್ರಾಸಿನಲ್ಲಿ ಈಗಲೇ ಜೋರು ಮಳೆ ಬಂದರೆ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಉಕ್ಕಿ ಗೇಟಿನ ಮುಂದೆ ಹರಿಯುತ್ತದೆ. ಕಾರಿಲ್ಲ ಅನ್ನುತ್ತೀರಿ, ನಾಳೆ ಬಾಡಿಗೆಗೆ ಬಂದವರು ಕಾರು ತಂದು ನನ್ನ ಗೇಟಿಗೆ ಅಡ್ಡ ನಿಲ್ಲಿಸಿದರೆ? ಬಡವರಿಗೆ ಮನೆ ಬೇಕು, ಖಂಡಿತ ಬೇಕು. ಊರ ಹೊರಗೆ ಜಾಗ ಬೇಕಾದಷ್ಟಿದೆಯಲ್ಲ, ಸರ್ಕಾರ ಅಲ್ಲಿ ಕಟ್ಟಲಿ.

ಕುಂಬಾರಗುಂಡಿ:

ಸರ್, ಆ ಊರ ಹೊರಗಿನ ಜಾಗ ಯಾವುದು ಅಂತ ಒಮ್ಮೆ ಹೋಗಿ ನೋಡಿ. ಗದ್ದೆ. ಕೆರೆಯ ಅಚ್ಚುಕಟ್ಟು. ಚಾನಲ್ ಪಕ್ಕದ ತಗ್ಗು. ನೀರು ನಿಂತು ಇಂಗುತ್ತಿದ್ದ ಜಾಗಕ್ಕೆ ಮಣ್ಣು ಹೊಡೆದು ಕಲ್ಲು ನೆಡುತ್ತಾರೆ, ಸೈಟು ಅನ್ನುತ್ತಾರೆ. ಆ ನೀರು ಇನ್ನೆಲ್ಲಿಗೆ ಹೋಗಬೇಕು?

2019ರ ಆಗಸ್ಟ್‌ನಲ್ಲಿ ಹೊಳೆ ಹತ್ತಿರದ ಕುಂಬಾರಗುಂಡಿಯ ನಮ್ಮ ಮನೆಗೆ ತುಂಗೆ ಬಂದಳು. ಸಣ್ಣವರಿದ್ದಾಗಿಂದ ನಮ್ಮದು ಒಂದೇ ಗುರುತು, ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ. ಅದು ಮುಳುಗಿತು ಅಂದರೆ ಸಾಮಾನು ಅಟ್ಟಕ್ಕೆ ಏರಿಸಬೇಕು. ಆ ಸಲ ಗಾಜನೂರು ಡ್ಯಾಮಿನಿಂದ ನೀರು ಬಿಟ್ಟ ಮೇಲೆ ಮಂಟಪ ಕಾಣದಾಯಿತು, ಆಮೇಲೆ ನಮ್ಮ ಬೀದಿಯೂ ಕಾಣಲಿಲ್ಲ. ರಾಜೀವ್ ಗಾಂಧಿ ಬಡಾವಣೆ, ವಿದ್ಯಾನಗರದ ಕಡೆಯೂ ಇದೇ ಕಥೆ. ನೀರು ಇಳಿದ ಮೇಲೆ ಅಕ್ಕಿ ಡಬ್ಬದಲ್ಲಿ ಕೆಸರು, ಮಗಳ ಪುಸ್ತಕ ಎಲ್ಲ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದರೂ ಆ ಕೆಸರಿನ ಗೆರೆ ಇವತ್ತಿಗೂ ಕಾಣುತ್ತದೆ. ಮೀಟರ್ ಬೋರ್ಡನ್ನು ಅದಕ್ಕಿಂತ ಮೇಲೆ ಹಾಕಿಸಿದ್ದೇವೆ.

ನಾವು ಇಲ್ಲಿ ಖುಷಿಗೆ ಇಲ್ಲ. ಮಾರ್ಕೆಟ್ ಹತ್ತಿರ, ಬಾಡಿಗೆ ಕಮ್ಮಿ, ಅದಕ್ಕೆ ಇದ್ದೇವೆ. ವಿನೋಬನಗರದಂಥ ಎತ್ತರದ ಕಡೆ ಸಣ್ಣ ಮನೆ ಸಿಕ್ಕರೆ ನಾಳೆಯೇ ಗಂಟುಮೂಟೆ ಕಟ್ಟುತ್ತೇನೆ.

ಸಾಗರದ ಹುಡುಗ:

ಕುಂಬಾರಗುಂಡಿ ಅಕ್ಕ ಹೇಳಿದ್ದು ಓದಿ ಬರೆಯಲೇಬೇಕು ಅನಿಸಿತು. ನಾನು ಸಾಗರದವನು, ಈಗ ಕೆಲಸಕ್ಕೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದೇನೆ. ಇಲ್ಲಿ 2016ರಲ್ಲಿ ಹೊಸ ಯೋಜನೆ ತಂದು ವಾಸದ ಜಾಗದ ಮುಕ್ಕಾಲು ಪಾಲಿನಲ್ಲಿ ಮೊದಲಿಗಿಂತ ಜಾಸ್ತಿ ಮನೆ ಕಟ್ಟಲು ಬಿಟ್ಟರು. ಒಂದು ಮನೆ ಇದ್ದ ಕಡೆ ಒಂದಕ್ಕೊಂದು ಅಂಟಿಕೊಂಡ ಮೂರು ನಾಲ್ಕು ಮನೆ ಎದ್ದವು. ಆದರೆ 2023ರ ಜನವರಿ 27ರಂದು ಇಲ್ಲಿ ಭಯಂಕರ ಮಳೆ, ಪ್ರವಾಹ. ನಾಲ್ವರು ಸತ್ತರು. ಆಮೇಲೆ ತೀರಾ ಅಪಾಯದ ಜಾಗದ ಮನೆಗಳನ್ನು ಸರ್ಕಾರ ಮತ್ತು ನಗರಸಭೆ ಸೇರಿ ದುಡ್ಡು ಕೊಟ್ಟು ಕೊಂಡುಕೊಂಡವು. ಮನೆ ಹೆಚ್ಚಿಸುವ ಜಾಗ ಯಾವುದು, ಕಟ್ಟಲೇಬಾರದ ಜಾಗ ಯಾವುದು, ಇವೆರಡನ್ನೂ ಒಟ್ಟಿಗೇ ಬರೆಯಬೇಕು ಅಂತ ನನಗೆ ಅರ್ಥವಾದದ್ದು ಆಗ.

ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲೂ 2020ರಿಂದ ಒಂದು ಸೈಟಿಗೆ ಮೂರು ಮನೆವರೆಗೆ ಬಿಟ್ಟರು. 2021ರಲ್ಲಿ ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವ ನಿಯಮ ತೆಗೆದರು. ಮೂರು ಮನೆಯ ಕಟ್ಟಡಗಳು ಅಲ್ಲಿ ಎದ್ದದ್ದು ಕಮ್ಮಿಯೇ. ಬಸ್ಸು ಓಡುವ ರಸ್ತೆಗಳ ಪಕ್ಕ ಜಾಸ್ತಿ ಮನೆಗೆ ಅವಕಾಶ ಕೊಟ್ಟು ಪಾರ್ಕಿಂಗ್ ಹೊರೆ ಇಳಿಸಿದ್ದು ಹೆಚ್ಚು ಕೆಲಸ ಮಾಡಿತು. ನಮ್ಮಲ್ಲಿ ವಿನೋಬನಗರದ 100 ಅಡಿ ರಸ್ತೆಯಂಥ ಕಡೆಯಿಂದ ಶುರು ಮಾಡಬಹುದು ಅಲ್ವಾ?

ಹೆಂಚು-ಜಂಬಿಟ್ಟಿಗೆ:

ತೀರ್ಥಹಳ್ಳಿಯಿಂದ ಒಂದು ಮಾತು. ನಿಯಮ ಬದಲಿಸುವಾಗ ಸೂರಿನ ವಿಷಯ ಮರೆಯಬೇಡಿ. ನಮ್ಮ ಹಳೇ ಮನೆಯ ಸೂರು ಗೋಡೆಯಿಂದ ಮೂರು ಅಡಿ ಆಚೆ ಚಾಚಿದೆ. ಎಂಥ ಇರಚಲು ಹೊಡೆದರೂ ಗೋಡೆ ಒಣಗಿಯೇ ಇರುತ್ತದೆ, ಬೇಸಿಗೆಯಲ್ಲಿ ಬಿಸಿಲು ತಾಗುವುದಿಲ್ಲ. ಪಕ್ಕದಲ್ಲಿ ಸೂರೇ ಇಲ್ಲದ ಡಬ್ಬಿಯಂಥ ತಾರಸಿ ಮನೆ ಎದ್ದಿದೆ, ಗೋಡೆ ಪೂರ್ತಿ ಪಾಚಿ, ಏಪ್ರಿಲ್‌ನಲ್ಲಿ ಒಳಗೆ ಕೂರಲಾಗದೆ ಎಸಿ ಹಾಕಿಸಿದರು. ಸಣ್ಣ ಮನೆ ಅಂದರೆ ಬೇಯುವ ಮನೆ ಆಗಬಾರದು. ಗೋಡೆ, ಕಿಟಕಿಯಿಂದ ಒಳಗೆ ಎಷ್ಟು ಬಿಸಿ ಬರಬಹುದು ಅನ್ನುವುದಕ್ಕೆ ಕೇಂದ್ರ ಸರ್ಕಾರ 2018ರಲ್ಲೇ ಇಕೋ ನಿವಾಸ್ ಸಂಹಿತೆ ಅಂತ ಮಾಡಿದೆ. ಅದನ್ನು ನಮ್ಮ ನಿಯಮಕ್ಕೆ ಸೇರಿಸಿ ಅಂತ ಕೇಳಿ.

ಮತ್ತೆ ನಮ್ಮ ಕಡೆ ಗುಡ್ಡದ ಧರೆಯನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಮನೆ ಕೂರಿಸುತ್ತಾರೆ. ಪ್ರತಿ ಮಳೆಗಾಲ ಅದರ ಕೆಳಗೆ ಮಲಗಲು ಹೆದರಿಕೆ. ಪಟ್ಟಣಕ್ಕೆ ಒಂದೇ ನಿಯಮ, ಗುಡ್ಡಕ್ಕೂ ಅದೇ ನಿಯಮ ಅಂದರೆ ಆಗುವುದಿಲ್ಲ.

ತುಂಗಾದಂಡೆ:

ಎಲ್ಲರಿಗೂ ಧನ್ಯವಾದ. ಹಳೇ ಶಿವಮೊಗ್ಗ ಸರ್, ನಿಮ್ಮ ಯುಜಿಡಿ ಮಾತು ನಿಜ, ಅದನ್ನೂ ಸೇರಿಸುತ್ತೇನೆ. ಮನೆ ಹೆಚ್ಚಾಗುವ ಬೀದಿಯಲ್ಲಿ ಮೊದಲು ಪೈಪು ದೊಡ್ಡದು ಮಾಡಿ, ಅದಕ್ಕೆ ಕಟ್ಟುವವರಿಂದ ಸ್ವಲ್ಪ ಶುಲ್ಕ ತೆಗೆದುಕೊಳ್ಳಿ ಅಂತ. ನಾನು ಕೊಡಲು ತಯಾರಿದ್ದೇನೆ. ಮನೆ ಕೆಲಸ ಸದ್ಯ ನಿಲ್ಲಿಸಿ ಹೆಂಚು ಕೈಯಾಡಿಸಿಕೊಳ್ಳುತ್ತೇನೆ.

ಅರ್ಜಿ ಬರೆಯಲು ಶುರು ಮಾಡಿದ್ದೇನೆ. ಕಾರಿಲ್ಲದ ಸಣ್ಣ ಮನೆಗೆ ಪಾರ್ಕಿಂಗ್ ಕಡ್ಡಾಯ ಬೇಡ, ಎತ್ತರದ ಬಡಾವಣೆಯಲ್ಲಿ ಸೈಟಿಗೆ ಮೂರು ಮನೆ ಬಿಡಿ, ನೆರೆ ಬಂದ ಗೆರೆಯ ಕೆಳಗೆ ಮತ್ತು ಕೆರೆ ಅಚ್ಚುಕಟ್ಟಿನಲ್ಲಿ ಹೊಸ ಲೇಔಟ್ ಬೇಡ, ಈಗ ಅಲ್ಲಿರುವವರಿಗೆ ಎತ್ತರದ ಕಡೆಯ ಹೊಸ ಮನೆಗಳಲ್ಲಿ ಮೊದಲ ಅವಕಾಶ ಕೊಡಿ. ನಕ್ಷೆಯವರೇ, ಭಾಷೆ ಸ್ವಲ್ಪ ತಿದ್ದಿಕೊಡುತ್ತೀರಾ? ಕುಂಬಾರಗುಂಡಿ ಅಕ್ಕ, ನಿಮ್ಮ ಗೋಡೆಯ ಗೆರೆ ಎಷ್ಟು ಎತ್ತರ ಇದೆ?

ನಕ್ಷೆಯವನು:

ಕಳಿಸಿ ಮೇಡಂ. ಭಾನುವಾರ ಕೂತು ನೋಡುತ್ತೇನೆ.

ಕುಂಬಾರಗುಂಡಿ:

ಈಗಷ್ಟೇ ಟೇಪು ಹಿಡಿದು ಅಳೆದೆ. ಹೊಸ್ತಿಲಿಂದ ನಾಲ್ಕು ಅಡಿ ಎರಡು ಇಂಚು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದಿದ್ದೇನೆ, ಅರ್ಜಿಗೆ ಹಚ್ಚಿ.