ಮನೆಗಳ ಹಿಂದಿನ ಹುಲ್ಲುಗಾವಲು ಕೌನ್ಸಿಲಿನ ‘ಕಾಲ್ ಫಾರ್ ಸೈಟ್ಸ್’ ಪಟ್ಟಿಯಲ್ಲಿ: ಯಾರು ಏನು ಮಾಡಬೇಕು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗಳ ಹಿಂದಿನ 4.2 ಹೆಕ್ಟೇರ್ ಹುಲ್ಲುಗಾವಲನ್ನ ಮಾಲೀಕರು ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ‘ಮುಂದೆ ಮನೆ ಕಟ್ಟಬಹುದಾದ ಜಾಗ’ ಅಂತ ಸೂಚಿಸಿದ್ದಾರೆ. ಪಟ್ಟಿಯಲ್ಲಿ 130 ಮನೆ ಅಂತಿದೆ. ನಮ್ಮ ರಸ್ತೆಯವರ ದೊಡ್ಡ ಚಾಟ್ ಗುಂಪಿನಲ್ಲಿ ಬರೀ ಕೂಗಾಟ. ಕೆಲಸದ ಮಾತು ಇಲ್ಲಿ ಆಡೋಣ. ಪಿಟಿಷನ್ ಶುರು ಮಾಡೋದಾ?

ಮನೆ 14: ಈಗಲೇ ಬೇಡ ಸರ್. ಇದು ಪ್ಲಾನಿಂಗ್ ಅರ್ಜಿ ಅಲ್ಲ. ಊರಲ್ಲಿ ಡಿಸಿ ಕನ್ವರ್ಷನ್ ಆದರೆ ಜಮೀನಿನ ಬಳಕೆಯೇ ಬದಲಾಗುತ್ತೆ, ಇಲ್ಲಿ ಇಂಗ್ಲೆಂಡಿನಲ್ಲಿ ಪಟ್ಟಿಗೆ ಹೆಸರು ಬಿದ್ದ ಮಾತ್ರಕ್ಕೆ ಏನೂ ಬದಲಾಗಲ್ಲ. ಕಾಲ್ ಫಾರ್ ಸೈಟ್ಸ್ ಅಂದ್ರೆ ‘ಜಾಗ ಇದ್ದರೆ ತಿಳಿಸಿ’ ಅನ್ನೋ ಕೌನ್ಸಿಲ್ ಕರೆ, ಅದಕ್ಕೆ ಯಾರು ಬೇಕಾದರೂ ಜಾಗ ಸೂಚಿಸಬಹುದು. ಸಾಮಾನ್ಯವಾಗಿ 5 ಮನೆ ಹಿಡಿಸಬೇಕು ಅಥವಾ 0.25 ಹೆಕ್ಟೇರ್ ಇರಬೇಕು, ಅಷ್ಟೇ. ಬಂದದ್ದನ್ನೆಲ್ಲ ಕೌನ್ಸಿಲ್ ‘ಹೆಲಾ’ ಅನ್ನೋ ಜಾಗಗಳ ಪರಿಶೀಲನಾ ಪಟ್ಟಿಗೆ ಹಾಕಿ ಮೂರು ವಿಷಯ ನೋಡುತ್ತೆ: ಜಾಗ ಮನೆಗಳಿಗೆ ಸೂಕ್ತವಾ, ಮಾಲೀಕರು ನಿಜವಾಗ್ಲೂ ಬಿಟ್ಟುಕೊಡ್ತಾರಾ, ಅಲ್ಲಿ ಕಟ್ಟಿದರೆ ಗಿಟ್ಟುತ್ತಾ. ಎಲ್ಲಿ ಏನು ಕಟ್ಟಬಹುದು ಅಂತ ಕೌನ್ಸಿಲ್ ಮಾಡೋ ಲೋಕಲ್ ಪ್ಲಾನ್‌ನಲ್ಲಿ ಈ ಜಾಗ ಮನೆಗಳಿಗೆ ಅಂತ ಹಂಚಿಕೆ ಆಗೋದು ಆಮೇಲಿನ ಮಾತು.

ಮನೆ 31: ಹಾಗಾದ್ರೆ ಕಾಯೋಣ ಅಂತೀರಾ?

ಮನೆ 14: ಕಾಯೋದು ಎಲ್ಲಕ್ಕಿಂತ ದೊಡ್ಡ ತಪ್ಪು ಅಕ್ಕ. ವಿಲೇಜ್ ಗ್ರೀನ್ (ಊರ ಜನರ ಆಟ-ವಿಹಾರಕ್ಕೆ ಕಾನೂನು ಕಾಪಾಡೋ ಬಯಲು) ಅಂತ ನೋಂದಾಯಿಸೋ ಯೋಚನೆ ಇದ್ದರೆ, 2013ರ ಕಾಯ್ದೆ ಬಂದಮೇಲೆ ಅದಕ್ಕೆ ಬಾಗಿಲು ಮುಚ್ಚೋ ಗಳಿಗೆ ಅಂತ ಒಂದಿದೆ. ಈ ಜಾಗದ ಹೆಸರಿರೋ ಕರಡು ಪ್ಲಾನ್ ಸಾರ್ವಜನಿಕ ಸಮಾಲೋಚನೆಗೆ ಹೊರಬಿದ್ದ ಕೂಡಲೇ ಅರ್ಜಿ ಹಾಕೋ ಹಕ್ಕು ನಿಂತುಹೋಗುತ್ತೆ. ಹೆಲಾ ಪಟ್ಟಿಯಿಂದ ನಿಲ್ಲಲ್ಲ, ಕರಡು ಪ್ಲಾನ್‌ನಿಂದ ನಿಲ್ಲುತ್ತೆ. ಅಂದ್ರೆ ನಮಗಿರೋದು ಈ ಎರಡರ ನಡುವಿನ ಸಮಯ ಮಾತ್ರ.

ಮನೆ 27: ಆದರೆ ನಮ್ಮ ಜಾಗಕ್ಕೆ ವಿಲೇಜ್ ಗ್ರೀನ್ ಹೊಂದುತ್ತಾ ಅಂತ ಮೊದಲು ನೋಡಿ. 2006ರ ಕಾಮನ್ಸ್ ಆಕ್ಟ್ ಸೆಕ್ಷನ್ 15ರ ಪ್ರಕಾರ 20 ವರ್ಷ ಸುತ್ತಲಿನ ಜನ ಅಲ್ಲಿ ಆಟ-ವಿಹಾರ ಮಾಡಿರಬೇಕು. ಬೇಲಿ ಮುರಿದು ಅಲ್ಲ, ಕದ್ದುಮುಚ್ಚಿ ಅಲ್ಲ, ಅನುಮತಿ ಪಡೆದೂ ಅಲ್ಲ. ಎಲ್ಲರೂ ಎಡವೋದು ಒಂದೇ ಕಡೆ: ‘ದಿನಾ ನಾಯಿ ಕರ್ಕೊಂಡು ಅಂಚಿನ ದಾರೀಲಿ ಹೋಗ್ತೀವಿ’ ಅಂತ ಬರೀತಾರೆ. ಅದು ದಾರಿಯ ಹಕ್ಕಿಗೆ ಸಾಕ್ಷಿ, ಗ್ರೀನ್‌ಗೆ ಅಲ್ಲ. ಮಕ್ಕಳ ಫುಟ್‌ಬಾಲ್, ಗಾಳಿಪಟ, ಬ್ಲ್ಯಾಕ್‌ಬೆರಿ ಕೀಳೋದು, ಹಿಮ ಬಿದ್ದಾಗ ಜಾರೋದು, ಹೀಗೆ ಹೊಲದ ನಡುಭಾಗವನ್ನೂ ಬಳಸಿದ್ದು ಕಾಣಬೇಕು. ವರ್ಷಕ್ಕೊಮ್ಮೆ ಹುಲ್ಲು ಕೊಯ್ದಿದ್ದರಿಂದ ಕೇಸ್ ಬಿದ್ದುಹೋಗಲ್ಲ. ಉತ್ತು ಬಿತ್ತಿದ್ದರೆ ಮಾತ್ರ ಕಷ್ಟ.

ಇನ್ನೊಂದು, ಕೌಂಟಿ ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ‘ಸಿಎ16’ ಫಾರ್ಮ್‌ಗಳ ರಿಜಿಸ್ಟರ್ ಇವತ್ತೇ ನೋಡಿ, ಜನರ ಬಳಕೆ ಹಕ್ಕಾಗಿ ಬೆಳೆಯದಂತೆ ಮಾಲೀಕರು ಕೊಡೋ ಘೋಷಣೆ ಅದು. ಮಾಲೀಕರು ಆ ಫಾರ್ಮ್ ಕೊಟ್ಟಿದ್ದರೆ 20 ವರ್ಷದ ಎಣಿಕೆ ಅಲ್ಲಿಗೇ ನಿಲ್ಲುತ್ತೆ, ಆ ದಿನದಿಂದ ಒಂದು ವರ್ಷದೊಳಗೆ ನಾವು ಗ್ರೀನ್ ಅರ್ಜಿ ಹಾಕಬೇಕು. ಜಮೀನು ಮಾರೋರ ವಕೀಲರು ಮೊದಲು ಮಾಡಿಸೋ ಕೆಲಸಗಳಲ್ಲಿ ಇದೂ ಒಂದು.

ಮನೆ 31: ಮತ್ತೆ ಅಂಚಿನ ಕಾಲುದಾರಿ?

ಮನೆ 27: ಅದನ್ನ ಸಾರ್ವಜನಿಕ ದಾರಿ ಅಂತ ದಾಖಲಿಸೋಕೆ ಪ್ರತ್ಯೇಕ ಅರ್ಜಿ, ಅದೂ ಕೌಂಟಿ ಕೌನ್ಸಿಲ್‌ಗೇ. ಕರಡು ಪ್ಲಾನ್ ಬಂದರೂ ಅದಕ್ಕೆ ತಡೆ ಇಲ್ಲ. ಒಬ್ಬೊಬ್ಬರೂ ತಮ್ಮದೇ ಫಾರ್ಮ್, ತಮ್ಮದೇ ಕೈಯಲ್ಲಿ ಗೆರೆ ಎಳೆದ ನಕ್ಷೆ ಕೊಡಬೇಕು. ಒಂದೇ ನಕ್ಷೆ ಜೆರಾಕ್ಸ್ ಮಾಡಿ ಹಂಚಿದರೆ ಸಾಕ್ಷಿಯ ತೂಕ ಹೋಗುತ್ತೆ. ನೆನಪಿರಲಿ, ದಾರಿ ಸಿಕ್ಕರೂ ಮನೆ ಕಟ್ಟೋದು ನಿಲ್ಲಲ್ಲ, ದಾರಿ ಉಳಿಸಿಕೊಂಡು ಅಥವಾ ಬೇರೆ ಕಡೆ ತಿರುಗಿಸಿ ಕಟ್ತಾರೆ.

ಮನೆ 40: ನಾನು ಲ್ಯಾಂಡ್ ರಿಜಿಸ್ಟ್ರಿಯಿಂದ ಹುಲ್ಲುಗಾವಲಿನ ಟೈಟಲ್ ರಿಜಿಸ್ಟರ್ (ಮಾಲೀಕತ್ವದ ದಾಖಲೆ), ಟೈಟಲ್ ಪ್ಲಾನ್ (ಗಡಿಯ ನಕ್ಷೆ) ಎರಡೂ ತೆಗೆಸಿದೆ. ಒಂದೊಂದಕ್ಕೆ 7 ಪೌಂಡ್. ಸರ್ಕಾರಿ ಸೈಟ್‌ನಲ್ಲೇ ತಗೊಳ್ಳಿ, ಹುಡುಕಿದರೆ ಮೇಲೆ ಬರೋ ಖಾಸಗಿ ಸೈಟ್‌ಗಳು ಅದನ್ನೇ ಕೊಟ್ಟು ಹೆಚ್ಚಿಗೆ ಕೀಳ್ತಾರೆ. ರಿಜಿಸ್ಟರ್‌ನ ಸಿ ಭಾಗದಲ್ಲಿ ‘ಆಪ್ಷನ್ ಅಗ್ರಿಮೆಂಟ್’ (ಮುಂದೆ ಜಾಗ ಕೊಳ್ಳೋ ಹಕ್ಕಿನ ಒಪ್ಪಂದ) ಬಗ್ಗೆ ನೋಟಿಸ್ ಇದೆ. ಅಂದ್ರೆ ಬಿಲ್ಡರ್ ಆಗಲೇ ಕೈ ಇಟ್ಟಾಗಿದೆ, ‘ಜಾಗ ಸಿಗಲ್ಲ’ ಅನ್ನೋ ವಾದ ನಮಗಿಲ್ಲ.

ಆದ್ರೆ ಪ್ಲಾನ್‌ನಲ್ಲಿ ಒಂದು ಸಂಗತಿ ಇದೆ. ಕೆಂಪು ಗೆರೆ ರಸ್ತೆ ಮುಟ್ಟಲ್ಲ. ನಡುವೆ ಸುಮಾರು ಎರಡು ಮೀಟರ್ ಅಗಲದ ನೆಲದ ಪಟ್ಟಿ ಬೇರೆಯವರ ಟೈಟಲ್‌ನಲ್ಲಿದೆ.

ಮನೆ 14: ವಾಹ್, ಇದು ಮುಖ್ಯ. ಹೈವೇ, ಅಂದ್ರೆ ಇಲ್ಲಿ ಸಾರ್ವಜನಿಕ ರಸ್ತೆ, ಎಲ್ಲಿವರೆಗೆ ಅನ್ನೋ ದಾಖಲೆಯನ್ನ ಕೌಂಟಿಯಿಂದ ಕೇಳಿ. ಆ ಪಟ್ಟಿ ಸಾರ್ವಜನಿಕ ರಸ್ತೆಯಂಚೇ ಆಗಿದ್ದರೆ ಮಾಲೀಕ ಯಾರಾದರೇನು, ನಮಗೆ ಉಪಯೋಗ ಇಲ್ಲ. ಅಲ್ಲದಿದ್ದರೆ ಅದು ‘ರಾನ್ಸಮ್ ಸ್ಟ್ರಿಪ್’, ಅಂದ್ರೆ ದಾರಿ ಬಿಡೋಕೆ ಅದರ ಮಾಲೀಕರು ಹಣ ಕೇಳಬಹುದಾದ ತುಂಡು. 1961ರ ಸ್ಟೋಕ್ಸ್ ಕೇಸ್‌ನಿಂದ ಬಂದ ವಾಡಿಕೆ ಪ್ರಕಾರ ಜಮೀನಿನ ಬೆಲೆ ಏರಿಕೆಯಲ್ಲಿ ಮೂರನೇ ಒಂದು ಪಾಲಿನವರೆಗೂ ಆ ಪಟ್ಟಿಯವರು ಕೇಳ್ತಾರೆ. ಯೋಜನೆ ಅದರಿಂದ ಸಾಯಲ್ಲ, ಆದರೆ ‘ಗಿಟ್ಟುತ್ತಾ’ ಅನ್ನೋ ಕಾಲಂನಲ್ಲಿ ಕೌನ್ಸಿಲ್ ಉತ್ತರ ಹೇಳಬೇಕಾಗುತ್ತೆ.

ಅಡ್ಮಿನ್: 130 ಮನೆ ಹೇಗೆ ಬಂತು?

ಮನೆ 40: 4.2ನ್ನ 31ರಿಂದ ಗುಣಿಸಿದ್ದಾರೆ ಅಷ್ಟೇ. ಇಡೀ ಹೊಲಕ್ಕೆ ಮನೆ ಹರಡಿದ ಹಾಗೆ. ಒಳರಸ್ತೆ, ಆಟದ ಜಾಗ, ತಗ್ಗಿನ ಮೂಲೇಲಿ ಮಳೆನೀರಿನ ಹೊಂಡ, ಕಾನೂನು ಕೇಳೋ 10% ಜೀವವೈವಿಧ್ಯ ಹೆಚ್ಚಳಕ್ಕೆ ಬಿಡೋ ಜಾಗ ಇವೆಲ್ಲ ಕಳೆದು 60% ಉಳಿಯಿತು ಅಂದುಕೊಳ್ಳಿ, ಹೆಕ್ಟೇರ್‌ಗೆ 35ರಂತೆ 88 ಬರುತ್ತೆ. ಇದನ್ನ ನಮ್ಮ ಪತ್ರದಲ್ಲಿ ಲೆಕ್ಕ ಸಮೇತ ಹಾಕೋಣ.

ಪ್ರವಾಹದ ನಕ್ಷೆಯಲ್ಲಿ ಹೊಳೆಯ ಪದರ ಒಂದೇ ನೋಡಬೇಡಿ, ಮಳೆನೀರು ನಿಲ್ಲೋ ಪದರ ಬೇರೆ ಇದೆ. ಹೊಳೆಯ ಲೆಕ್ಕಕ್ಕೆ ನಾವು ಝೋನ್ 1 (ಕಡಿಮೆ ಅಪಾಯ), ಆದರೆ ಕೆಳಗಿನ ಮೂಲೆ ಎರಡನೇ ಪದರದಲ್ಲಿ ಗಾಢ ನೀಲಿ. ಮಣ್ಣಿನ ದರ್ಜೆ ಬಗ್ಗೆಯೂ ಒಂದು ಮಾತು: ಆನ್‌ಲೈನ್ ಸಿಗೋ ಹಳೇ ಪ್ರಾದೇಶಿಕ ನಕ್ಷೆ ಗ್ರೇಡ್ 3 ಅಂತ ಮಾತ್ರ ಹೇಳುತ್ತೆ, 3ಎ, 3ಬಿ ಬಿಡಿಸಲ್ಲ. ರಕ್ಷಣೆ ಇರೋದು ಗ್ರೇಡ್ 1ರಿಂದ 3ಎವರೆಗೆ. ಹಾಗಾಗಿ ‘ಒಳ್ಳೇ ಕೃಷಿಭೂಮಿ’ ಅಂತ ಬರೆದು ಮುಗಿಸದೆ, ಸ್ಥಳದ ಮಣ್ಣು ಪರೀಕ್ಷೆ ಮಾಡಿಸಿ ಅಂತ ಕೇಳಿ.

ಮನೆ 31: ನಾವೂ ಜಾಗ ಸೂಚಿಸಬಹುದು ಅಂದ್ರಲ್ಲ. ಅಂಗಡಿ ಸಾಲಿನ ಹಿಂದೆ ಪಾಳುಬಿದ್ದ ಗ್ಯಾರೇಜ್‌ಗಳಿವೆಯಲ್ಲ?

ಮನೆ 14: ಖಂಡಿತ. ಅದು 0.3 ಹೆಕ್ಟೇರ್ ಬರುತ್ತೆ, ಹೆಕ್ಟೇರ್‌ಗೆ 40 ಹಿಡಿದರೆ 12 ಮನೆ. ಆದರೆ ಮಾಲೀಕರ ಒಪ್ಪಿಗೆ ಪತ್ರ ಇಲ್ಲದೆ ಕಳಿಸಿದರೆ ‘ಲಭ್ಯವಿಲ್ಲ’ ಅಂತ ಪಕ್ಕಕ್ಕಿಡ್ತಾರೆ. ಮೊದಲು ಟೈಟಲ್ ತೆಗೆಸಿ ಅವರಿಗೆ ಬರೆಯೋಣ.

ಹಾಗೇ ಹುಲ್ಲುಗಾವಲಿನ ಮೇಲ್ಭಾಗವನ್ನ ‘ಲೋಕಲ್ ಗ್ರೀನ್ ಸ್ಪೇಸ್’ (ಲೋಕಲ್ ಪ್ಲಾನ್ ಕಾಪಾಡೋ ಹಸಿರು ಜಾಗ) ಅಂತ ಅದೇ ಕಾಲ್ ಫಾರ್ ಸೈಟ್ಸ್ ಫಾರ್ಮ್‌ನಲ್ಲಿ ಸೂಚಿಸೋಣ. ಇದಕ್ಕೆ ಮಾಲೀಕರ ಒಪ್ಪಿಗೆ ಕಡ್ಡಾಯ ಅಲ್ಲ. ಪೂರ್ತಿ 4.2 ಕೇಳಬೇಡಿ, ‘ವಿಸ್ತಾರ ಭೂಮಿ’ ಅಂತ ತಳ್ಳಿಹಾಕೋ ಸಂಭವ ಹೆಚ್ಚು. ಓಕ್ ಮರಗಳು, ಆಟದ ಭಾಗ, ಬೆಂಚು ಇರೋ ಸುಮಾರು 1 ಹೆಕ್ಟೇರ್ ಗೆರೆ ಎಳೆದು, ಅದು ಯಾಕೆ ವಿಶೇಷ ಅಂತ ಫೋಟೋ, ತಾರೀಕು, ಪಕ್ಷಿಗಳ ದಾಖಲೆ ಜೊತೆ ಕೊಡಿ. ಸಿಕ್ಕರೆ ಹೆಚ್ಚುಕಡಿಮೆ ಗ್ರೀನ್ ಬೆಲ್ಟ್‌ನಷ್ಟು (ನಗರಗಳ ಸುತ್ತ ಕಟ್ಟಡ ತಡೆಯೋ ಹಸಿರು ವಲಯ) ಬಿಗಿ ರಕ್ಷಣೆ.

ಅಡ್ಮಿನ್: ಪತ್ರ ಯಾವಾಗ ಬರೆಯೋದು?

ಮನೆ 27: ಲೋಕಲ್ ಪ್ಲಾನ್ ಮಾಡೋಕೆ ನಮ್ಮ ಕೌನ್ಸಿಲ್ ಹಳೇ ಪದ್ಧತಿಯಲ್ಲೇ ಹೋಗ್ತಿದೆ. ಮೊದಲು ರೆಗ್ಯುಲೇಶನ್ 18 ಸಮಾಲೋಚನೆ, ಆಗ ಏನು ಬೇಕಾದರೂ ಹೇಳಬಹುದು. ಆಮೇಲೆ ರೆಗ್ಯುಲೇಶನ್ 19, ಕನಿಷ್ಠ 6 ವಾರ, ಅಲ್ಲಿ ಪ್ಲಾನ್ ಕಾನೂನುಬದ್ಧವಾ, ‘ಸೌಂಡ್’ (ಆಧಾರ ಗಟ್ಟಿ, ಜಾರಿಗೆ ಬರುವಂಥದ್ದು) ಆಗಿದೆಯಾ ಅಷ್ಟೇ. 19ರಲ್ಲಿ ಪ್ಲಾನ್ ಬದಲಾಯಿಸಿ ಅಂತ ಬರೆದವರಿಗೆ ಮಾತ್ರ ಪ್ಲಾನ್ ಪರಿಶೀಲಿಸೋ ಇನ್‌ಸ್ಪೆಕ್ಟರ್ ಮುಂದೆ ಮಾತಾಡೋ ಹಕ್ಕು. 18ರಲ್ಲಿ ಬರೆದಾಯ್ತಲ್ಲ ಅಂತ ಸುಮ್ಮನೆ ಕೂತರೆ ಅದು ಕೈತಪ್ಪುತ್ತೆ.

ಬರೆಯುವಾಗ ಸೈಟ್ ನಂಬರ್ ಇರಲಿ. ಮನೆ ಬೆಲೆ ಬೀಳುತ್ತೆ, ಕಿಟಕಿಯ ನೋಟ ಹೋಗುತ್ತೆ, ಮಾಲೀಕರಿಗೆ ದುರಾಸೆ, ಇವು ಯಾವುದೂ ಲೆಕ್ಕಕ್ಕೆ ಬರಲ್ಲ. ‘ಎಂಥವರು ಬಂದು ಸೇರ್ತಾರೋ’ ಅನ್ನೋ ಸಾಲಂತೂ ಬೇಡವೇ ಬೇಡ, ಅಂಥ ಪತ್ರ ತೆಗೆದುಹಾಕ್ತಾರೆ. ಹೆಸರು ಸಾರ್ವಜನಿಕವಾಗುತ್ತೆ. ಪಿಟಿಷನ್‌ಗೆ ನೂರು ಸಹಿ ಇದ್ದರೂ ಸಾಮಾನ್ಯವಾಗಿ ಒಂದೇ ಪತ್ರ ಅಂತ ಎಣಿಸ್ತಾರೆ.

ಅಡ್ಮಿನ್: ಸರಿ. ಸಿಎ16 ಮತ್ತು ಹೈವೇ ದಾಖಲೆ 40ನೇ ಮನೆಯವರು. ಗ್ರೀನ್, ದಾರಿ ಸಾಕ್ಷಿ 27. ಗ್ಯಾರೇಜ್ ಟೈಟಲ್ 31. ಲೋಕಲ್ ಗ್ರೀನ್ ಸ್ಪೇಸ್ ನಕ್ಷೆ ನಾನು ಮಾಡ್ತೀನಿ. ಗೂಗಲ್ ಮ್ಯಾಪ್ ಸ್ಕ್ರೀನ್‌ಶಾಟ್ ಸಾಕಾ?

ಮನೆ 14: ಸಾಕಾಗಲ್ಲ ಸರ್. ಆರ್ಡ್‌ನನ್ಸ್ ಸರ್ವೆ (ಇಲ್ಲಿನ ಅಧಿಕೃತ ನಕ್ಷೆ ಸಂಸ್ಥೆ) ನಕ್ಷೆ ಲೈಸೆನ್ಸ್ ಸಮೇತ ತಗೊಳ್ಳಿ, 1:1250 ಅಥವಾ 1:2500, ಉತ್ತರ ದಿಕ್ಕಿನ ಗುರುತು ಇರಲಿ. ಪ್ರಿಂಟ್ ಮಾಡುವಾಗ ‘ಫಿಟ್ ಟು ಪೇಜ್’ ತೆಗೆದುಬಿಡಿ, ಇಲ್ಲಾಂದ್ರೆ ಅಳತೆ ಕೆಟ್ಟು ವಾಪಸ್ ಬರುತ್ತೆ.