ಅಪ್‌ಡೇಟ್: ಸಿಸೇರಿಯನ್ ಆದ ಮೇಲಿನ ಕಾಲು ನೋವು

ಸಿಸೇರಿಯನ್ ಆಗಿ 9ನೇ ದಿನಕ್ಕೆ ಎಡಗಾಲಿನ ಮೀನಖಂಡ ನೋಯುತ್ತಿದೆ, ಮಲಗಿ ಮಲಗಿ ಹೀಗಾಯಿತಾ ಅಂತ ಕೇಳಿದ್ದೆನಲ್ಲ, ಅದು ರಕ್ತ ಹೆಪ್ಪುಗಟ್ಟಿದ್ದೇ ಆಗಿತ್ತು. ಸುಮ್ನೆ ಕೂರಬೇಡಿ, ಇವತ್ತೇ ತೋರಿಸಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಟೇಪ್ ಹಿಡಿದು ಅಳೆದರೆ ಆ ಕಾಲು ಇನ್ನೊಂದಕ್ಕಿಂತ 3 ಸೆಂ.ಮೀ. ಹೆಚ್ಚು ದಪ್ಪ ಇತ್ತು! ರಕ್ತ ಹರಿಯೋದನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಇರೋದು ಗೊತ್ತಾಯಿತು. ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ನಡೀತಿದೆ, ನಾನೇ ತೊಡೆಗೆ ಚುಚ್ಚಿಕೊಳ್ಳುತ್ತೇನೆ, ಹೊಲಿಗೆ ಇರುವ ಹೊಟ್ಟೆಗೆ ಚುಚ್ಚಲು ಧೈರ್ಯ ಬರಲಿಲ್ಲ. ಎದೆಹಾಲು ಕೊಡಬಹುದಂತೆ, ನನಗೆ ಅದರದ್ದೇ ಜಾಸ್ತಿ ಭಯ ಇತ್ತು. ಹೆರಿಗೆ ಆದ ಮೇಲೆ 6 ವಾರ ಈ ಅಪಾಯ ಹೆಚ್ಚು, ಆಪರೇಷನ್ ಆಗಿದ್ದರೆ ಇನ್ನೂ ಹೆಚ್ಚು. ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು, ಹಾಗಾಗಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯದೆ ಎಮರ್ಜೆನ್ಸಿಗೆ ಬನ್ನಿ ಎಂದು ಡಾಕ್ಟರ್ ಹೇಳಿದ್ದಾರೆ. ಔಷಧಿ ಕನಿಷ್ಠ 3 ತಿಂಗಳು.